ಹಳೆಯ ಕಾಂಕ್ರೀಟ್ ಮಿಕ್ಸರ್: ಗುಜರಿಗೆ ಹಾಕುವ ಮುನ್ನ

ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ, ಕೊಟ್ಟಿಗೆಯ ಹಿಂಬದಿಯಲ್ಲೋ ಸೌದೆ ಚಪ್ಪರದ ಕೆಳಗೋ, ಕಬ್ಬಿಣದ ನಾಲ್ಕು ಚಕ್ರಗಳ ಮೇಲೆ ಕೂತ ಒಂದು ಕಾಂಕ್ರೀಟ್ ಮಿಕ್ಸರ್ ಇರುವುದುಂಟು. ಹಿರಿಯರು ನೀರಿನ ತೊಟ್ಟಿ, ಕಾಫಿ ಕಣ, ಗೋದಾಮು ಕಟ್ಟಿಸುವಾಗ ಕೊಂಡದ್ದು. ಆಮೇಲೆ ನೆಂಟರಿಷ್ಟರ ಮನೆಗಳಿಗೆ, ಊರಿನ ಶಾಲೆಗೆ, ದೇವಸ್ಥಾನದ ಪ್ರಾಕಾರಕ್ಕೆ ಎಲ್ಲ ಕಡೆಯೂ ದುಡಿದದ್ದು. ಇಂದು ಅದರ ಡ್ರಮ್ಮಿನೊಳಗೆ ಮಳೆನೀರು ನಿಂತಿರುತ್ತದೆ, ಹಾಪರ್‌ನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ವರ್ಷಕ್ಕೊಮ್ಮೆ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗುತ್ತಾನೆ.

ಇಂತಹ ಯಂತ್ರವನ್ನು ತೂಕಕ್ಕೆ ಮಾರುವುದು ಸುಲಭ. ಹಿಂದಕ್ಕೆ ಕೊಳ್ಳುವುದು ಸಾಧ್ಯವಿಲ್ಲ. ನಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿತ್ತು. ಮಿಕ್ಸರ್ ನಮ್ಮ ತಂದೆ ಹಾಗೂ ಇಬ್ಬರು ಚಿಕ್ಕಪ್ಪಂದಿರು ಸೇರಿ ಕೊಂಡದ್ದು. ಪಾಲಾದಾಗ ತೋಟ, ಗದ್ದೆ, ಪಾತ್ರೆ ಎಲ್ಲವೂ ಹಂಚಿಹೋದರೂ ಇದು ಮಾತ್ರ ಯಾರ ಪಾಲಿಗೂ ಬರದೆ ಉಳಿಯಿತು. ಇತ್ತ ಕಾಫಿ ಒಣಗಿಸುವ ಕಣ ಬಿರುಕುಬಿಟ್ಟು, ಬಿರುಕಿನಲ್ಲಿ ಹುಲ್ಲು ಬೆಳೆದು, ಪ್ರತಿವರ್ಷ ಒಂದಷ್ಟು ಹಣ್ಣು ಮಣ್ಣುಪಾಲಾಗುತ್ತಿತ್ತು. ಬಾಡಿಗೆ ಮಿಕ್ಸರ್ ಕೇಳಿದರೆ, ಎಲ್ಲರೂ ಕೇಳುವ ಕಾಲದಲ್ಲೇ ನಾವೂ ಕೇಳಬೇಕು. ರೆಡಿಮಿಕ್ಸ್ ಲಾರಿ ನಮ್ಮ ತೋಟದ ದಾರಿಯ ಎರಡನೇ ತಿರುವನ್ನು ದಾಟಲಾರದು. ಆದ್ದರಿಂದ ಕೊಟ್ಟಿಗೆಯ ಹಿಂದಿನ ಮಿಕ್ಸರನ್ನೇ ರಿಪೇರಿ ಮಾಡಿಸುವುದೆಂದು ಮೂರೂ ಮನೆಯವರು ಒಪ್ಪಿದೆವು. ಆ ಕೆಲಸದಿಂದ ತಿಳಿದುಬಂದ ಸಂಗತಿಗಳನ್ನು, ಅನುಭವಿ ಮೇಸ್ತ್ರಿಗಳು ಹೇಳಿಕೊಟ್ಟ ಮಾತುಗಳನ್ನೂ ಸೇರಿಸಿ, ಬೆಳೆಗಾರ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಬರೆಯಲಾಗಿದೆ.

ಯಂತ್ರದ ಪರಿಚಯ

ನಮ್ಮ ಕಡೆ ಹೆಚ್ಚಾಗಿ ಕಾಣುವುದು ‘10/7’ ಎಂದು ಕರೆಯುವ ಮಿಕ್ಸರ್. ಒಮ್ಮೆಗೆ 10 ಘನ ಅಡಿ ಒಣ ಸಾಮಗ್ರಿ ಹಾಕಿದರೆ 7 ಘನ ಅಡಿ ಹಸಿ ಕಾಂಕ್ರೀಟ್ ಬರುತ್ತದೆ ಎಂಬುದು ಆ ಅಂಕಿಗಳ ಅರ್ಥ. ಲೀಟರ್ ಲೆಕ್ಕದಲ್ಲಿ ಸುಮಾರು 280ಕ್ಕೆ 200. ಹಾಕಿದ್ದಕ್ಕಿಂತ ಬರುವುದು ಕಡಿಮೆ ಏಕೆಂದರೆ, ಜಲ್ಲಿಯ ಸಂದುಗಳಲ್ಲಿ ಮರಳು, ಮರಳಿನ ಸಂದುಗಳಲ್ಲಿ ಸಿಮೆಂಟು ಹೋಗಿ ಕೂರುತ್ತದೆ.

50 ಕಿಲೋ ಸಿಮೆಂಟಿನ ಒಂದು ಚೀಲ ಸುಮಾರು ಒಂದೂಕಾಲು ಘನ ಅಡಿ. 1:2:4ರ ಪ್ರಮಾಣದಲ್ಲಿ ಅದಕ್ಕೆ ಎರಡೂವರೆ ಘನ ಅಡಿ ಮರಳು, ಐದು ಘನ ಅಡಿ ಜಲ್ಲಿ. ಒಟ್ಟು ಎಂಟೂಮುಕ್ಕಾಲು. ಅಂದರೆ ಒಂದು ಇಡೀ ಚೀಲದ ಕಾಂಕ್ರೀಟ್ ಈ ಮಿಕ್ಸರಿನಲ್ಲಿ ಒಂದೇ ಸುತ್ತಿಗೆ ಆಗುತ್ತದೆ. ಚೀಲವನ್ನು ಅರ್ಧ ಮಾಡುವ, ಬುಟ್ಟಿಯ ಲೆಕ್ಕ ತಪ್ಪುವ ತೊಂದರೆ ಇಲ್ಲ. ಸಣ್ಣ ಮಿಕ್ಸರುಗಳಲ್ಲಿ ಈ ಅನುಕೂಲವಿಲ್ಲ.

ಯಂತ್ರದ ಮುಖ್ಯ ಅಂಗಗಳು ಐದು. ಬಲ ಕೊಡುವ ಎಂಜಿನ್, ಬಲ ಸಾಗಿಸುವ ಬೆಲ್ಟು ಮತ್ತು ಹಲ್ಲಿನ ಚಕ್ರಗಳು, ಒಳಗೆ ಬ್ಲೇಡುಗಳಿರುವ ಡ್ರಮ್, ಸಾಮಗ್ರಿ ತುಂಬಿ ಮೇಲಕ್ಕೆತ್ತುವ ಹಾಪರ್, ಇವೆಲ್ಲವನ್ನೂ ಹೊತ್ತ ಚೌಕಟ್ಟು. ಐದರಲ್ಲಿ ಹೆಚ್ಚು ಭಯ ಹುಟ್ಟಿಸುವುದು ಎಂಜಿನ್. ಆದರೆ ರಿಪೇರಿಗೆ ಹೆಚ್ಚು ಒದಗುವುದೂ ಅದೇ.

ಎರಡು ದೊಡ್ಡ ಫ್ಲೈವೀಲುಗಳುಳ್ಳ, ನಿಧಾನವಾಗಿ ‘ಡುಗ್ ಡುಗ್’ ಎಂದು ಓಡುವ ಎಂಜಿನ್ ಇದ್ದರೆ ಅದು ಬಹುಮಟ್ಟಿಗೆ ಲಿಸ್ಟರ್ ಮಾದರಿಯದು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಡರ್ಸ್ಲಿ ಎಂಬ ಊರಿನಲ್ಲಿ 1867ರಲ್ಲಿ ಆರಂಭವಾದ ಲಿಸ್ಟರ್ ಕಂಪನಿ 1929ರಲ್ಲಿ ಡೀಸೆಲ್ ಎಂಜಿನ್ ಮಾಡತೊಡಗಿತು. ಬ್ಲೋಲ್ಯಾಂಪಿನಿಂದ ಬಿಸಿ ಮಾಡದೆಯೇ ಕೈಯಿಂದ ತಿರುಗಿಸಿ ಚಾಲೂ ಮಾಡಬಹುದಾದ್ದರಿಂದ ಅದಕ್ಕೆ ‘ಕೋಲ್ಡ್ ಸ್ಟಾರ್ಟ್’ ಎಂಬ ಹೆಸರು ಬಂತು, ‘ಸಿ.ಎಸ್.’ ಎಂಬ ಅಕ್ಷರಗಳು ಅದರ ಗುರುತು. ‘6/1’ ಎಂದರೆ 6 ಅಶ್ವಶಕ್ತಿ, ಒಂದು ಸಿಲಿಂಡರ್. ಸಿಲಿಂಡರಿನ ಒಳ ಅಗಲ ನಾಲ್ಕೂವರೆ ಇಂಚು, ಪಿಸ್ಟನ್ನಿನ ಓಟ ಐದೂವರೆ ಇಂಚು, ವೇಗ ನಿಮಿಷಕ್ಕೆ 650 ಸುತ್ತು. ಇದೇ ಮಾದರಿಯನ್ನು ನಮ್ಮ ದೇಶದಲ್ಲಿ ಗುಜರಾತಿನ ರಾಜ್‌ಕೋಟ್ ಕಡೆಯ ಅನೇಕ ಕಾರ್ಖಾನೆಗಳು ತಯಾರಿಸಿದವು. ಆದಕಾರಣ ಪಿಸ್ಟನ್, ರಿಂಗು, ಲೈನರ್, ವಾಲ್ವ್, ನಾಜಲ್ ಮುಂತಾದ ಬಿಡಿಭಾಗಗಳನ್ನು ಹುಡುಕುವುದು ಇಂದಿಗೂ ಅಸಾಧ್ಯವಲ್ಲ. ಎಷ್ಟೋ ತೋಟಗಳಲ್ಲಿ ಪಲ್ಪರ್, ಪಂಪು, ಅಕ್ಕಿ ಗಿರಣಿಗಳನ್ನು ಓಡಿಸಿದ್ದೂ ಇದೇ ಜಾತಿಯ ಎಂಜಿನ್ನು.

ಕೆಲವು ಮಿಕ್ಸರುಗಳಲ್ಲಿ 1500 ಸುತ್ತಿನ ಕಿರ್ಲೋಸ್ಕರ್ ಎಂಜಿನ್ ಇರುತ್ತದೆ. ಆ ಹೆಸರಿಗೆ ಕನ್ನಡ ನಾಡಿನ ನಂಟಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಎಂಜಿನ್ ಯಾವುದಾದರೂ ಆಗಲಿ, ಕೆಳಗೆ ಹೇಳುವ ಕ್ರಮ ಬಹುಪಾಲು ಒಂದೇ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಬೆಳಗ್ಗೆ ಪೂರ್ತಿ ಯಂತ್ರವನ್ನು ನೋಡುವುದಕ್ಕೇ ಮೀಸಲಿಡಬೇಕು. ಕೆಲವು ದೋಷಗಳು ರಿಪೇರಿಗೆ ಬಗ್ಗುತ್ತವೆ, ಕೆಲವು ಬಗ್ಗುವುದಿಲ್ಲ.

ಬಗ್ಗದಿರುವವು ಇವು: ಬೇರಿಂಗ್ ಕೂರುವ ಜಾಗದಲ್ಲಿ ಕ್ರ್ಯಾಂಕ್‌ಕೇಸ್ ಒಡೆದಿರುವುದು, ಫ್ಲೈವೀಲಿನ ಕಡ್ಡಿಯಲ್ಲಿ ಅಥವಾ ಗುಂಭದಲ್ಲಿ ಬಿರುಕು, ಕ್ರ್ಯಾಂಕ್ ಬಾಗಿರುವುದು, ಡ್ರಮ್ಮಿನ ಸುತ್ತಲಿನ ಹಲ್ಲಿನ ಬಳೆ ಮೂರು ನಾಲ್ಕು ಕಡೆ ಮುರಿದಿರುವುದು. ಫ್ಲೈವೀಲನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಗಟ್ಟಿ ಇದ್ದರೆ ಗಂಟೆಯಂತೆ ಸದ್ದು ಬರುತ್ತದೆ, ಬಿರುಕಿದ್ದರೆ ಒಡೆದ ಮಡಕೆಯಂತೆ ಕೇಳುತ್ತದೆ. ಎರಕದ ಕಬ್ಬಿಣದ ಫ್ಲೈವೀಲಿನಲ್ಲಿ ಬಿರುಕು ಕಂಡರೆ ಬೆಸುಗೆ ಹಾಕಿಸಿ ಓಡಿಸುವ ಯೋಚನೆ ಬೇಡ. ವೇಗದಲ್ಲಿ ಅದು ಸಿಡಿದರೆ ಆಳು ಉಳಿಯುವುದಿಲ್ಲ.

ಬಗ್ಗುವವು: ಜಾಮ್ ಆದ ಪಿಸ್ಟನ್, ತುಕ್ಕು ಹಿಡಿದ ವಾಲ್ವ್, ಕಟ್ಟಿದ ನಾಜಲ್, ಸವೆದ ಬುಷ್, ತೂತು ಬಿದ್ದ ಡ್ರಮ್ ತಗಡು, ಸವೆದ ಬ್ಲೇಡು, ಹರಿದ ತಂತಿಹಗ್ಗ. ಇವು ಎಷ್ಟೇ ಇದ್ದರೂ ಹೆದರಬೇಕಾಗಿಲ್ಲ.

ಎಂಜಿನ್ ಮಾತ್ರ ಕೈಮೀರಿ ಹಾಳಾಗಿದ್ದು ಮಿಕ್ಸರ್ ಚೆನ್ನಾಗಿದ್ದರೆ ಬೇರೆ ಎಂಜಿನ್ ಅಥವಾ ಮೋಟಾರ್ ಕೂರಿಸಬಹುದು. ಆಗ ಪುಲಿಯ ಲೆಕ್ಕ ಮರೆಯಬಾರದು. 650 ಸುತ್ತಿನ ಎಂಜಿನ್ನಿಗೆ 12 ಇಂಚಿನ ಪುಲಿ ಇದ್ದಲ್ಲಿ 1500 ಸುತ್ತಿನ ಎಂಜಿನ್ನಿಗೆ ಸುಮಾರು ಐದೂಕಾಲು ಇಂಚು, 1440 ಸುತ್ತಿನ ಮೋಟಾರಿಗೆ ಸುಮಾರು ಐದೂವರೆ ಇಂಚಿನ ಪುಲಿ ಬೇಕು. ಹಳೆಯ ಪುಲಿಯನ್ನೇ ಹಾಕಿದರೆ ಡ್ರಮ್ ಎರಡರಷ್ಟಕ್ಕೂ ಮೀರಿ ವೇಗವಾಗಿ ತಿರುಗಿ, ಸಾಮಗ್ರಿ ಗೋಡೆಗೆ ಅಂಟಿಕೊಂಡು ಕಲಸುವುದೇ ಇಲ್ಲ, ಹಲ್ಲುಗಳೂ ಮುರಿಯುತ್ತವೆ.

ಪಾಲುದಾರರ ಒಪ್ಪಂದ

ಕುಟುಂಬದ ಯಂತ್ರ ಕೆಡುವುದಕ್ಕೆ ತುಕ್ಕು ಎಷ್ಟು ಕಾರಣವೋ, ‘ಎಲ್ಲರದ್ದು’ ಎಂಬ ಮಾತೂ ಅಷ್ಟೇ ಕಾರಣ. ಎಲ್ಲರ ಯಂತ್ರಕ್ಕೆ ಎಣ್ಣೆ ಬಿಡುವವರು ಯಾರೂ ಇಲ್ಲ. ಆದ್ದರಿಂದ ಖರ್ಚಿಗೆ ಕೈಹಾಕುವ ಮುನ್ನವೇ ನಾವು ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಮಾತು ಬರೆದು ಮೂವರೂ ಸಹಿ ಹಾಕಿದೆವು. ಖರ್ಚು ಮೂರು ಸಮಪಾಲು. ಕೆಲಸದ ದಿನಗಳು ಪಾಳಿಯಂತೆ. ಯಾರು ಒಯ್ಯುತ್ತಾರೋ ಅವರೇ ತೊಳೆದು, ಗ್ರೀಸ್ ಹಾಕಿ ತಂದು ನಿಲ್ಲಿಸತಕ್ಕದ್ದು. ಹೊರಗಿನವರಿಗೆ ಕೊಟ್ಟರೆ ಬಂದ ಬಾಡಿಗೆ ರಿಪೇರಿ ನಿಧಿಗೆ ಸೇರತಕ್ಕದ್ದು. ಪಾಲಿನ ನಂತರ ಮಾತು ಕಡಿಮೆಯಾಗಿದ್ದ ಮನೆಗಳು ಒಂದು ಪುಸ್ತಕಕ್ಕೆ ಸಹಿ ಹಾಕಲು ಒಂದೇ ಜಗಲಿಯಲ್ಲಿ ಕೂತದ್ದು ಯಂತ್ರಕ್ಕಿಂತ ದೊಡ್ಡ ರಿಪೇರಿ ಎಂದು ನಮ್ಮ ಅತ್ತಿಗೆ ಹೇಳಿದರು.

ಖರ್ಚಿನ ಲೆಕ್ಕವನ್ನೂ ಮೊದಲೇ ಮಾಡಬೇಕು. ಒಂದು ಕಡೆ ಬಿಡಿಭಾಗ, ಲೇತ್ ಕೆಲಸ, ಬೆಸುಗೆ, ಮೆಕ್ಯಾನಿಕ್ ಕೂಲಿ. ಇನ್ನೊಂದು ಕಡೆ ಮುಂದಿನ ಐದು ವರ್ಷಗಳಲ್ಲಿ ಮೂರೂ ಮನೆಗಳಿಗೆ ಬೇಕಾದ ಮಿಕ್ಸರ್ ಬಾಡಿಗೆ ಹಾಗೂ ಸಾಗಾಟ, ಅದಕ್ಕೆ ಗುಜರಿಯ ಬೆಲೆಯನ್ನೂ ಸೇರಿಸಿ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಾದರೆ ಅಭಿಮಾನಕ್ಕಾಗಿ ರಿಪೇರಿ ಮಾಡಿಸುವ ಹೊರೆ ಸಣ್ಣ ಬೆಳೆಗಾರನಿಗೆ ಬೇಡ.

ಎಂಜಿನ್ನಿನ ಕೆಲಸ

ನಿಂತ ಎಂಜಿನ್ನಿಗೆ ಮೊದಲ ಶತ್ರು ಹೊಗೆಕೊಳವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಇತರ ಊರುಗಳೂ ಮಳೆಯಲ್ಲಿ ಬಡವಲ್ಲ. ಬಾಯಿ ತೆರೆದು ಮೇಲ್ಮುಖವಾಗಿ ನಿಂತ ಕೊಳವೆಯಿಂದ ನೀರು ಇಳಿದು, ತೆರೆದ ವಾಲ್ವ್ ಮೂಲಕ ಸಿಲಿಂಡರ್ ಸೇರಿ, ಪಿಸ್ಟನ್ ರಿಂಗನ್ನು ಗೋಡೆಗೆ ಕಚ್ಚಿಸುತ್ತದೆ. ಒಂದು ತಗಡಿನ ಡಬ್ಬಿಯನ್ನು ಕೊಳವೆಯ ಮೇಲೆ ಬೋರಲು ಹಾಕಿಟ್ಟಿದ್ದರೆ ಎಷ್ಟೋ ಎಂಜಿನ್ನುಗಳು ಕೆಡುತ್ತಿರಲಿಲ್ಲ.

ಜಾಮ್ ಆದ ಎಂಜಿನ್ನನ್ನು ಹಾರೆ ಹಾಕಿ ತಿರುಗಿಸಬಾರದು. ಹೆಡ್ ಬಿಚ್ಚಿ, ಸಿಲಿಂಡರಿನ ತುಕ್ಕನ್ನು ಬಟ್ಟೆಯಿಂದ ಒರೆಸಿ, ಸೀಮೆಎಣ್ಣೆ ಅಥವಾ ಡೀಸೆಲಿಗೆ ಎಂಜಿನ್ ಆಯಿಲ್ ಬೆರೆಸಿ ಪಿಸ್ಟನ್ನಿನ ಮೇಲೆ ಹೊಯ್ದು ಬಿಡಬೇಕು. ದಿನಕ್ಕೊಮ್ಮೆ ನೋಡುತ್ತ, ಇಂಗಿದಷ್ಟು ಮತ್ತೆ ಹೊಯ್ಯಬೇಕು. ಐದಾರು ದಿನಗಳ ನಂತರ ಪಿಸ್ಟನ್ನಿನ ಮೇಲೆ ಗಟ್ಟಿಮರದ ತುಂಡಿಟ್ಟು ಮೆಲ್ಲನೆ ತಟ್ಟುತ್ತ, ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಆಡಿಸಬೇಕು. ನಮ್ಮದು ಒಂಬತ್ತನೆಯ ದಿನ ಸಡಿಲವಾಯಿತು. ಅವಸರಪಟ್ಟು ಸುತ್ತಿಗೆಯಿಂದ ಬಡಿದರೆ ಪಿಸ್ಟನ್ ಒಡೆಯುತ್ತದೆ.

ಪಿಸ್ಟನ್ ಹೊರಬಂದ ಮೇಲೆ ಲೈನರಿನ ಸವೆತ ಅಳೆಸಬೇಕು. ಮೇಲಿನ ಅಂಚಿನಲ್ಲಿ ಉಗುರು ತಡೆಯುವಷ್ಟು ಮೆಟ್ಟಿಲು ಬಿದ್ದಿದ್ದರೆ ಲೈನರ್, ಪಿಸ್ಟನ್, ರಿಂಗು ಒಟ್ಟಿಗೆ ಬದಲಾಯಿಸುವುದು ಲೇಸು. ಹಳೆಯ ಲೈನರಿಗೆ ಹೊಸ ರಿಂಗು ಹಾಕಿ ಉಳಿಸಿದ ಹಣ ಎಣ್ಣೆ ಕುಡಿತದಲ್ಲಿ ಹೋಗುತ್ತದೆ. ಕ್ರ್ಯಾಂಕ್‌ಕೇಸಿನ ತಳವನ್ನು ಡೀಸೆಲಿನಿಂದ ಎರಡು ಸಲ ತೊಳೆಯತಕ್ಕದ್ದು. ಕೆಲವು ಎಂಜಿನ್ನುಗಳ ಮೂಲೆಗಳಲ್ಲಿ ಎರಕದ ಮರಳು ಇಂದಿಗೂ ಅಂಟಿಕೊಂಡಿರುತ್ತದೆ. ಈ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ತುದಿಯ ಸಣ್ಣ ಚಮಚ ಎಣ್ಣೆಯನ್ನು ಚಿಮ್ಮಿಸಿ ಒಳಭಾಗಗಳಿಗೆ ಉಣಿಸುತ್ತದೆ. ಎಣ್ಣೆಯಲ್ಲಿ ಮರಳಿದ್ದರೆ ಚಿಮ್ಮುವುದು ಮರಳೇ. ಎಣ್ಣೆ ಗುರುತಿಗಿಂತ ಕಡಿಮೆ ಇದ್ದರೆ ಚಮಚಕ್ಕೆ ಏನೂ ಸಿಗದೆ ಬೇರಿಂಗ್ ಸುಡುತ್ತದೆ.

ವಾಲ್ವುಗಳನ್ನು ಪೇಸ್ಟ್ ಹಾಕಿ ಉಜ್ಜಿ ಕೂರಿಸಿ, ಸೀಮೆಎಣ್ಣೆ ಹೊಯ್ದು ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಾಜಲ್ ಮತ್ತು ಪಂಪನ್ನು ಪಂಪ್ ರಿಪೇರಿ ಅಂಗಡಿಯಲ್ಲೇ ಪರೀಕ್ಷಿಸಬೇಕು. ಮನೆಯಲ್ಲಿ ನಾಜಲ್ ಹೊರಗಿಟ್ಟು ಹಾರಿಸಿ ನೋಡುವಾಗ ಕೈ ಅಡ್ಡ ಹಿಡಿಯಲೇಬಾರದು. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಒಳಗೆ ಬೆರಳು ಕೊಳೆಯಬಹುದು. ಹಾಗಾದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ತಂಪುನೀರಿನ ವಿಷಯ ಹಲವರಿಗೆ ತಿಳಿದಿಲ್ಲ. ಇಲ್ಲಿ ನೀರಿನ ಪಂಪು ಇರುವುದಿಲ್ಲ. ಬಿಸಿನೀರು ಹಗುರವಾಗಿ ಹೆಡ್ಡಿನಿಂದ ಮೇಲಕ್ಕೇರಿ ತೊಟ್ಟಿಗೆ ಹೋಗುತ್ತದೆ, ತಣ್ಣೀರು ತೊಟ್ಟಿಯ ಬುಡದಿಂದ ಸಿಲಿಂಡರಿಗೆ ಬರುತ್ತದೆ. ಮೇಲಿನ ಕೊಳವೆ ತೊಟ್ಟಿಯತ್ತ ಏರುಮುಖವಾಗಿರಬೇಕು. ತೊಟ್ಟಿಯ ನೀರಿನ ಮಟ್ಟ ಆ ಕೊಳವೆಯ ಬಾಯಿಗಿಂತ ಮೇಲಿರಬೇಕು. ಮಟ್ಟ ಇಳಿದರೆ ಸುತ್ತಾಟ ನಿಂತು, ತೊಟ್ಟಿಯಲ್ಲಿ ನೀರಿದ್ದರೂ ಎಂಜಿನ್ ಬೇಯುತ್ತದೆ. ಒಳಗಿನ ನೀರಿನ ದಾರಿಯಲ್ಲಿ ತುಂಬಿದ ತುಕ್ಕಿನ ಹೆಕ್ಕಳೆಯನ್ನು ತಂತಿಯಿಂದ ಕೆದಕಿ ತೊಳೆಯುವುದನ್ನೂ ಮರೆಯಬಾರದು.

ಮಿಕ್ಸರಿನ ಕೆಲಸ

ಡ್ರಮ್ಮಿನೊಳಗೆ ಕಲ್ಲಾದ ಹಳೆಯ ಕಾಂಕ್ರೀಟನ್ನು ಬಿಡಿಸುವುದು ಬೇಸರದ ಕೆಲಸ. ಹೊರಗಿನಿಂದ ದೊಡ್ಡ ಸುತ್ತಿಗೆಯಲ್ಲಿ ಬಡಿದರೆ ತಗಡು ತಗ್ಗಾಗಿ ಹಲ್ಲಿನ ಬಳೆಯ ದುಂಡು ತಪ್ಪುತ್ತದೆ. ಒಳಗಿನಿಂದ ಉಳಿ ಮತ್ತು ಸಣ್ಣ ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವಾಗಿ ಕಿತ್ತರೆ ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಆಸಿಡ್ ಹೊಯ್ಯುವವರಿದ್ದಾರೆ, ಅದು ಕಾಂಕ್ರೀಟಿನೊಂದಿಗೆ ಕಬ್ಬಿಣವನ್ನೂ ತಿನ್ನುತ್ತದೆ, ಡ್ರಮ್ಮಿನೊಳಗೆ ಅದರ ಹೊಗೆ ಎದೆಗೆ ಕೆಟ್ಟದ್ದು. ಒಳಗೆ ಆಳು ಇಳಿಯುವ ಮುನ್ನ ಬೆಲ್ಟು ತೆಗೆದು, ಡ್ರಮ್ ಉರುಳದಂತೆ ಕಟ್ಟೆ ಕೊಡತಕ್ಕದ್ದು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲಿ.

ಬ್ಲೇಡು ಸವೆದಿದ್ದರೆ ಸಾಮಗ್ರಿ ಮೇಲಕ್ಕೆತ್ತಿ ಬೀಳಿಸುವ ಶಕ್ತಿ ಕಳೆದುಕೊಳ್ಳುತ್ತದೆ. ನಾವು ಉಳಿದ ಒಂದು ಒಳ್ಳೆಯ ಬ್ಲೇಡಿನ ಆಕಾರಕ್ಕೆ ರಟ್ಟು ಕತ್ತರಿಸಿ, ಅದರ ಅಳತೆಗೆ ಉಕ್ಕಿನ ತಗಡು ಕೊಯ್ಸಿ, ಹಳೆಯ ಕೋನದಲ್ಲೇ ಬೆಸುಗೆ ಹಾಕಿಸಿದೆವು. ಕೋನ ಬದಲಾದರೆ ಡ್ರಮ್ ತಿರುಗುತ್ತದೆ, ಕಲಸುವುದು ಮಾತ್ರ ಆಗುವುದಿಲ್ಲ. ಹಲ್ಲಿನ ಬಳೆಗೆ ಕೂಡುವ ಸಣ್ಣ ಪಿನಿಯನ್ ಚಕ್ರ ಬೇಗ ಸವೆಯುತ್ತದೆ. ಅದನ್ನು ಹೊಸದಾಗಿ ಮಾಡಿಸಬಹುದು, ಬಳೆ ಮಾಡಿಸುವುದು ದುಬಾರಿ. ಆದ್ದರಿಂದ ಪಿನಿಯನ್ ಬದಲಿಸಲು ಜಿಪುಣತನ ಬೇಡ.

ಹಾಪರ್ ಎತ್ತುವ ತಂತಿಹಗ್ಗದಲ್ಲಿ ಒಂದೆರಡು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೂ ಹೊಸತು ಹಾಕಬೇಕು. ಕ್ಲಚ್ಚು, ಬ್ರೇಕಿನ ಪಟ್ಟಿ, ಹೊಗೆಕೊಳವೆಗೆ ಸುತ್ತಿದ ಹಗ್ಗ, ಹಳೆಯ ಹೆಡ್ ಗ್ಯಾಸ್ಕೆಟ್ ಇವುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದರ ದೂಳು ಎದೆಗೆ ಹೋದರೆ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ಬರಿಸಬಲ್ಲದು. ಒಣಗಿದ್ದಾಗ ಉಜ್ಜುವುದು, ಗಾಳಿ ಹೊಡೆಯುವುದು ಸಲ್ಲದು. ನೀರು ಚಿಮುಕಿಸಿ ಒದ್ದೆ ಮಾಡಿ, ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಕು. ಆಸ್ಬೆಸ್ಟಾಸ್ ಇಲ್ಲದ ಪಟ್ಟಿಗಳು ಈಗ ಸಿಗುತ್ತವೆ.

ಮೊದಲ ಚಾಲೂ

ಟ್ಯಾಂಕಿನ ತುಕ್ಕು ತೊಳೆದು, ಹೊಸ ಫಿಲ್ಟರ್ ಹಾಕಿ, ಡೀಸೆಲ್ ದಾರಿಯಲ್ಲಿನ ಗಾಳಿಯನ್ನು ಪೂರ್ತಿ ಹೊರಹಾಕಿದ ಮೇಲೆ ಹ್ಯಾಂಡಲ್ ಹಾಕಬೇಕು. ವಾಲ್ವ್ ಎತ್ತುವ ಸನ್ನೆಯನ್ನು ಎತ್ತಿಹಿಡಿದು, ಫ್ಲೈವೀಲಿಗೆ ಚೆನ್ನಾಗಿ ವೇಗ ಬಂದ ಮೇಲೆ ಸನ್ನೆ ಬಿಟ್ಟರೆ ಎಂಜಿನ್ ಹಿಡಿಯುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು. ಹೆಬ್ಬೆರಳು ಸುತ್ತಿ ಹಿಡಿದಾಗ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಕ್ರ್ಯಾಂಕ್‌ಕೇಸಿಗೆ ಎಣ್ಣೆ ಹೆಚ್ಚು ಹೊಯ್ದಿದ್ದರೆ ಎಂಜಿನ್ ಆ ಎಣ್ಣೆಯನ್ನೇ ಉರಿಸುತ್ತ ಹಿಡಿತ ತಪ್ಪಿ ಓಡಬಹುದು. ಆಗ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿ ಒಳಹೋಗುವ ಬಾಯಿಯನ್ನು ಮರದ ಹಲಗೆಯಿಂದ ಮುಚ್ಚುವುದೊಂದೇ ದಾರಿ. ಮೊದಲ ಚಾಲೂವಿನಲ್ಲಿ ಆ ಹಲಗೆಯನ್ನು ಒಬ್ಬನು ಕೈಯಲ್ಲಿ ಹಿಡಿದು ನಿಂತಿರಲಿ. ಗವರ್ನರ್ ಸ್ಪ್ರಿಂಗ್ ಬಿಗಿದು 650ಕ್ಕಿಂತ ವೇಗ ಏರಿಸುವ ಆಸೆ ಬೇಡ. ಫ್ಲೈವೀಲು ಆ ವೇಗಕ್ಕೆಂದೇ ಮಾಡಿದ್ದು.

ಹಳೆಯ ಮಿಕ್ಸರುಗಳಲ್ಲಿ ಬೆಲ್ಟಿಗೂ ಹಲ್ಲುಚಕ್ರಕ್ಕೂ ಮರೆ ಇರುವುದಿಲ್ಲ, ಇದ್ದದ್ದು ಕಳೆದುಹೋಗಿರುತ್ತದೆ. ಜಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸಿನ ಸೆರಗು, ಗಂಡಸಿನ ಪಂಚೆಯ ತುದಿ ಒಮ್ಮೆ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸುವಷ್ಟು ಸಮಯ ಇರುವುದಿಲ್ಲ. ಬಣ್ಣಕ್ಕೆ ಖರ್ಚು ಮಾಡುವ ಮೊದಲು ತಂತಿಜಾಲರಿಯ ಮರೆಗೆ ಖರ್ಚು ಮಾಡಬೇಕು. ಎತ್ತಿದ ಹಾಪರಿನ ಕೆಳಗೆ ಬಿದ್ದ ಜಲ್ಲಿ ಗೋರಲು ಹೋಗುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಹೋಗಲೇಬೇಕಾದರೆ ಹಾಪರನ್ನು ಸರಪಳಿಯಿಂದ ಬಿಗಿದ ಮೇಲೆಯೇ.

ಕಣದ ಲೆಕ್ಕ

ಯಂತ್ರ ಸಿದ್ಧವಾದ ಮೇಲೆ ನಾವು ಮೊದಲು ಮಾಡಿದ್ದು 30 ಅಡಿಗೆ 40 ಅಡಿಯ ಕಣ, 4 ಇಂಚು ದಪ್ಪ. ಒಟ್ಟು 400 ಘನ ಅಡಿ. ಒಂದು ಚೀಲದ 1:2:4 ಸುತ್ತಿಗೆ ಸುಮಾರು ಐದೂವರೆ ಘನ ಅಡಿ ಕಾಂಕ್ರೀಟ್ ಬರುವುದರಿಂದ 73 ಚೀಲ ಬೇಕಾಗುತ್ತದೆ. ಕಣವನ್ನು 10 ಅಡಿ ಚೌಕದ 12 ಮನೆಗಳಾಗಿ ಪಟ್ಟಿ ಇಟ್ಟು ಭಾಗಿಸಿದರೆ ಒಂದು ಮನೆಗೆ ಆರು ಸುತ್ತು. ಹೀಗೆ ಸಂದು ಬಿಟ್ಟರೆ ಕಾಂಕ್ರೀಟ್ ಕುಗ್ಗುವಾಗ ಸಂದಿನಲ್ಲೇ ಬಿಡುತ್ತದೆ, ಕಣದ ನಡುವೆ ಬಿರುಕುವುದಿಲ್ಲ. ನಮ್ಮ ಹಳೆಯ ಕಣಕ್ಕೆ ಸಂದುಗಳೇ ಇರಲಿಲ್ಲ.

ಸಾಮಗ್ರಿ ಎಲ್ಲ ಡ್ರಮ್ಮಿಗೆ ಬಿದ್ದ ಮೇಲೆ ಕನಿಷ್ಠ 2 ನಿಮಿಷ ತಿರುಗಿಸಬೇಕೆಂದು ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ. ತುಂಬುವುದು, ಸುರಿಯುವುದು ಸೇರಿ ಗಂಟೆಗೆ ಹತ್ತು ಸುತ್ತು ತೆಗೆದರೆ ಒಳ್ಳೆಯ ಕೆಲಸ. ದಿನಕ್ಕೆ ಆರು ಮನೆಯಂತೆ, ಒಂದು ಬಿಟ್ಟು ಒಂದನ್ನು ತುಂಬಿ, ಎರಡು ದಿನದಲ್ಲಿ ಕಣ ಮುಗಿಯಿತು. ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ. ಮಿಕ್ಸರಿನಲ್ಲಿ ಯಾವಾಗಲೂ ಪೂರ್ಣ ಹೊರೆ ಇರುವುದಿಲ್ಲವಾದ್ದರಿಂದ ಅಷ್ಟೂ ಆಗಲಿಲ್ಲ.

ನೀರು ಹೆಚ್ಚು ಹಾಕಿದರೆ ಹರಡುವುದು ಸುಲಭ, ಕಣ ಮಾತ್ರ ಬೇಗ ಪುಡಿಯೇಳುತ್ತದೆ. ಚೀಲಕ್ಕೆ 30 ಲೀಟರ್ ಒಳಗೇ ನಿಲ್ಲಿಸುವುದು ಲೇಸು. ಮಳೆಗಾಲದ ಮರಳಿನಲ್ಲಿ ನೀರಿರುವುದರಿಂದ ಆಗ ಇನ್ನೂ ಕಡಿಮೆ. ದಿನದ ಮೊದಲ ಸುತ್ತಿನಲ್ಲಿ ಒಂದಷ್ಟು ಗಾರೆ ಡ್ರಮ್ಮಿಗೆ ಅಂಟಿಕೊಳ್ಳುವುದರಿಂದ ಸಿಮೆಂಟನ್ನು ಹತ್ತನೇ ಒಂದು ಭಾಗ ಹೆಚ್ಚಿಗೆ ಹಾಕುವ ರೂಢಿ ಒಳ್ಳೆಯದು. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ, ಬಿಸಿಲಿದ್ದರೆ 14 ದಿನ ನೀರು ಕಟ್ಟಬೇಕು. ಆದ್ದರಿಂದ ಕೊಯ್ಲಿಗೆ ಒಂದೂವರೆ ತಿಂಗಳಿರುವಾಗಲೇ ಕಣ ಹಾಕಿ ಮುಗಿಸತಕ್ಕದ್ದು. ನೆಲದ ತೇವ ಮತ್ತು ಮಣ್ಣು ತಾಗದೆ ಒಣಗಿದ ಕಾಫಿಗೂ ಚಾಲಿ ಅಡಿಕೆಗೂ ಬೂಷ್ಟು ಬರುವ ಭಯ ಕಡಿಮೆ. ಮಣ್ಣಿನ ವಾಸನೆ ಹಿಡಿದ ಕಾಫಿಯನ್ನು ವ್ಯಾಪಾರಿ ಹಿಂದಕ್ಕೆ ತಳ್ಳುವುದು ನಮಗೆಲ್ಲ ಗೊತ್ತಿರುವ ಸಂಗತಿ.

ಕಾಪಾಡುವ ಬಗೆ

ಕೆಲಸ ನಿಲ್ಲಿಸಿದ ಕೂಡಲೇ ಒಂದು ಬುಟ್ಟಿ ಜಲ್ಲಿ ಮತ್ತು ನೀರು ಹಾಕಿ ಡ್ರಮ್ಮನ್ನು ಹತ್ತು ನಿಮಿಷ ತಿರುಗಿಸಿದರೆ ಒಳಗೆ ಕಾಂಕ್ರೀಟ್ ಕಟ್ಟುವುದಿಲ್ಲ. ಊಟಕ್ಕೆ ಹೋಗಿಬಂದು ತೊಳೆಯೋಣವೆಂದರೆ ತಡವಾಯಿತು. ಮಳೆಗಾಲಕ್ಕೆ ಮುಂಚೆ ಡ್ರಮ್ಮಿನ ಬಾಯಿ ಕೆಳಗೆ ಮಾಡಿ, ಹಲ್ಲುಗಳಿಗೆ ಗ್ರೀಸ್ ಬಳಿದು, ತಂಪುನೀರನ್ನು ಬಸಿದು, ಹೊಗೆಕೊಳವೆಗೆ ಡಬ್ಬಿ ಮುಚ್ಚಿ, ಮಾಡಿನ ಕೆಳಗೆ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿದರೆ ಇನ್ನೂ ಉತ್ತಮ. ಓಡಿಸಿದ ತಾರೀಖು, ಎಣ್ಣೆ ಬದಲಿಸಿದ ತಾರೀಖು ಒಪ್ಪಂದದ ಪುಸ್ತಕದಲ್ಲೇ ಬರೆದಿಡಿ.

ಇನ್ನೊಂದು ಮಾತು ಸಹಕಾರಿ ಬಂಧುಗಳ ಗಮನಕ್ಕೆ. ಈ ಎಂಜಿನ್ನುಗಳ ಸದ್ದು ಕೇಳಿಯೇ ರೋಗ ಹೇಳಬಲ್ಲ ಮೆಕ್ಯಾನಿಕರು ನಮ್ಮ ಪೇಟೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರಲ್ಲಿ ಬಹುಮಂದಿಗೆ ವಯಸ್ಸಾಗಿದೆ. ನಮ್ಮ ಎಂಜಿನ್ ಬಿಚ್ಚಿದವರ ಬಳಿ ಕೆಲಸ ಕಲಿಯುವ ಹುಡುಗರೇ ಇರಲಿಲ್ಲ. ನಮ್ಮ ಚಿಕ್ಕಪ್ಪನ ಮೊಮ್ಮಗ ರಜೆಯಲ್ಲಿ ಬಂದವನು ಅವರ ಜೊತೆ ಹನ್ನೆರಡು ದಿನ ಕೂತು, ಬಿಚ್ಚಿದ ಪ್ರತಿ ಭಾಗದ ಚಿತ್ರ ತೆಗೆದು, ಹೆಸರು ಬರೆದಿಟ್ಟುಕೊಂಡ. ಮತ್ತೆ ಜೋಡಿಸುವಾಗ ಆ ಚಿತ್ರಗಳು ಎರಡು ಸಲ ನಮ್ಮನ್ನು ಕಾಪಾಡಿದವು. ನಿಮ್ಮ ಮನೆಯ ಯಂತ್ರ ಬಿಚ್ಚುವಾಗಲೂ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹತ್ತಾರು ಸಣ್ಣ ಬೆಳೆಗಾರರು ಸೇರಿ ಒಂದು ಮಿಕ್ಸರನ್ನು ಸರಿಪಡಿಸಿ ಇಟ್ಟುಕೊಂಡರೆ ಕಣ, ತೊಟ್ಟಿ, ಗೋದಾಮು, ಹಳ್ಳದ ಒಡ್ಡು ಇವೆಲ್ಲಕ್ಕೂ ಬಾಡಿಗೆಯವರ ದಾರಿ ಕಾಯಬೇಕಾಗಿಲ್ಲ. ಅಂತಹ ಯಂತ್ರ ನಿಮ್ಮ ಕೊಟ್ಟಿಗೆಯ ಹಿಂದೆಯೂ ಇದ್ದರೆ, ಗುಜರಿಯವನು ಮುಂದಿನ ಸಲ ಬರುವ ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಅದರ ಫ್ಲೈವೀಲನ್ನು ತಟ್ಟಿ ನೋಡಿರಿ.